ಪದ್ಮಿನಿ: ತಳ ಮೊದಲು, ಬಣ್ಣ ಆಮೇಲೆ

ಮುಂಬೈಯಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹಳೆಯ ಕಾರು ಇಟ್ಟುಕೊಂಡವರು ಇಂಜಿನ್‌ಗಿಂತ ಮೊದಲು ಗಾಡಿಯ ತಳ ನೋಡಬೇಕು. ಆ 1089 ಸಿಸಿ ಇಂಜಿನ್ ಗಟ್ಟಿ. ಬಿಡಿಭಾಗಗಳೂ ಕುರ್ಲಾ, ಆಪೇರಾ ಹೌಸ್ ಕಡೆ ಹುಡುಕಿದರೆ ಸಿಕ್ಕೀತು. ಆದರೆ ಈ ಗಾಡಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ತಳವೂ ಸಿಲ್ಲೂ (ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ತಗಡಿನ ತೊಲೆ) ತುಕ್ಕು ತಿಂದರೆ ಬಾಗಿಲು ಜೋತುಬೀಳುತ್ತದೆ. ಆಮೇಲೆ ಮೇಲೆ ಎಷ್ಟು ಬಣ್ಣ ಬಳಿದರೂ ದಂಡ.

ನಾನು ಸೀಟು ಬಿಚ್ಚಿ, ಮ್ಯಾಟ್ ಎತ್ತಿ, ಅಡಿಯ ಫೆಲ್ಟ್ ಮುಟ್ಟಿ ನೋಡುತ್ತೇನೆ. ಒದ್ದೆಯಿದ್ದರೆ ಮೊದಲು ನೀರಿನ ದಾರಿ ಹುಡುಕಬೇಕು: ಹೆಚ್ಚಾಗಿ ಅದು ಮುಂದಿನ ಗಾಜಿನ ಬಿರುಕುಬಿಟ್ಟ ರಬ್ಬರ್ ಬೀಡಿಂಗ್. ಬಾಗಿಲಿನ ಕೆಳಗಂಚಿನ ತೂತು ಮಣ್ಣು ಕಟ್ಟಿದ್ದರೆ ನೀರು ಬಾಗಿಲೊಳಗೇ ನಿಲ್ಲುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ತಗಡನ್ನು ಒತ್ತಿ. ಒಳಗೆ ಇಳಿದಲ್ಲಿ ಕತ್ತರಿಸಲೇಬೇಕು. ಮ್ಯಾಗ್ನೆಟ್ ಹಿಡಿಯದ ಕಡೆ ಯಾರೋ ಹಿಂದೆ ಪುಟ್ಟಿ ತುಂಬಿದ್ದಾರೆ ಎಂದರ್ಥ.

ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ತಂತಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿಡಿ. ತುಕ್ಕು ಹಿಡಿದಷ್ಟೇ ಅಲ್ಲ, ಹೊಳೆಯುವ ತಗಡು ಕಾಣುವವರೆಗೂ ಕತ್ತರಿಸಬೇಕು. ತೇಪೆಗೆ 20 ಗೇಜಿನ ಶೀಟು ಸಾಕು. ಮಿಗ್ (ಗ್ಯಾಸಿನ ಆವರಣದಲ್ಲಿ ತಂತಿ ಕರಗಿಸುವ) ವೆಲ್ಡಿಂಗ್‌ನಲ್ಲಿ ಒಂದೇ ಕಡೆ ಉದ್ದಕ್ಕೆ ಎಳೆದರೆ ತಗಡು ಹಪ್ಪಳದ ಹಾಗೆ ಉಬ್ಬುತ್ತದೆ. ಅದಕ್ಕೆ ಸುಮಾರು 25 ಮಿ.ಮೀ. ಅಂತರದಲ್ಲಿ ಚುಕ್ಕೆ ಹಾಕಿ, ಒಮ್ಮೆ ಈ ತುದಿ ಒಮ್ಮೆ ಆ ತುದಿ ಎಂದು ಜಾಗ ಬದಲಿಸುತ್ತ, ನಡುವೆ ತಣಿಯಲು ಬಿಟ್ಟು ಭರ್ತಿ ಮಾಡುತ್ತೇನೆ. ಸಿಲ್ ಬದಲಿಸುವಾಗ ಬಾಗಿಲುಗಳನ್ನು ಕಳಚಬೇಡಿ, ಬಾಡಿಯ ಅಡಿಯಲ್ಲಿ ಜ್ಯಾಕ್ ಸ್ಟ್ಯಾಂಡಿನ ಆಸರೆ ಇರಲಿ. ಸಂದು ಸರಿಯಿದೆಯೇ ಎಂದು ಆಗಾಗ ಬಾಗಿಲು ಹಾಕಿ ತೆಗೆದು ನೋಡಿ.

ಬರೀ ತಗಡಿನ ಮೇಲೆ ಮೊದಲು ಎಪಾಕ್ಸಿ ಪ್ರೈಮರ್, ಅದು ಒಣಗಿದ ಮೇಲೆ ಜೋಡಣೆಗಳಿಗೆ ಸಂದು ಮುಚ್ಚುವ ಸೀಮ್ ಸೀಲರ್, ಆಮೇಲೆ ಗಾಡಿಯ ಅಡಿಭಾಗಕ್ಕೆ ದಪ್ಪ ಲೇಪವಾದ ಅಂಡರ್‌ಕೋಟ್. ಈ ಕ್ರಮ ತಪ್ಪಿದರೆ ಸೀಲರ್ ಕೆಳಗೇ ತುಕ್ಕು ಹುಟ್ಟುತ್ತದೆ. ಜುಲೈಯಲ್ಲಿ ಪ್ರೈಮರ್ ಕೆಲಸ ಬೇಡವೇ ಬೇಡ. ತೆರೆದ ತಗಡಿಗೆ ಆ ತೇವದ ಗಾಳಿಯಲ್ಲಿ ಒಂದೇ ರಾತ್ರಿಯಲ್ಲಿ ಕಂದು ಪೊರೆ ಬರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಇನ್ನುಳಿದದ್ದು ನಿಯಮಿತ ಕೆಲಸ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ವೀಲ್ ಸಿಲಿಂಡರ್ ಒಳಗೇ ಜಂಗು ಹಿಡಿದು ಪಿಸ್ಟನ್ ಜಾಮ್ ಆಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ನೀರನ್ನೂ ಸೆಳೆಯುತ್ತದೆ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ಪೈಪುಗಳನ್ನು ಎಥನಾಲ್ ತಾಳುವಂಥವುಗಳಿಗೆ ಬದಲಿಸಿ, ಫಿಲ್ಟರಿನಲ್ಲಿ ಕೆಂಪು ಪುಡಿ ಕಂಡರೆ ಟ್ಯಾಂಕ್ ತೊಳೆಸಿ.

ಮಳೆಗೆ ಮುಂಚೆ, ಮೇ ತಿಂಗಳಲ್ಲಿ, ಸಿಲ್ಲು ಮತ್ತು ಬಾಗಿಲುಗಳ ಟೊಳ್ಳಿಗೆ ಉದ್ದ ನಳಿಕೆಯಿಂದ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸುತ್ತೇನೆ. ಆಮೇಲೆ ತೆಳುವಾದ ತಂತಿ ಹಾಕಿ ನೀರಿಳಿಯುವ ಪ್ರತಿ ತೂತನ್ನೂ ಬಿಡಿಸಬೇಕು. ವ್ಯಾಕ್ಸೇ ಅವನ್ನು ಮುಚ್ಚಿಬಿಡುತ್ತದೆ. ಸೊಸೈಟಿಯ ಕಂಪೌಂಡಿನಲ್ಲಿ ನಿಲ್ಲಿಸುವಾಗ ಪ್ಲಾಸ್ಟಿಕ್ ಕವರ್ ಬೇಡ, ಗಾಳಿಯಾಡುವ ಬಟ್ಟೆಯದೇ ಬೇಕು. ಬಿಸಿಲು ಬಿದ್ದ ದಿನ ಅದನ್ನೂ ತೆಗೆದು, ನಾಲ್ಕೂ ಬಾಗಿಲು ತೆರೆದಿಡಿ.