ನಿಮ್ಮೂರ ಹಳ್ಳಕ್ಕೆ ಗೊಬ್ಬರ ಜಾಸ್ತಿಯಾಗಿದೆಯಾ? ಕಲ್ಲು ಎತ್ತಿ ನೋಡಿ

ನೀರು ತಿಳಿಯಾಗಿದೆ ಅಂದ ಮಾತ್ರಕ್ಕೆ ಹಳ್ಳ ಚೆನ್ನಾಗಿದೆ ಅಂತ ನಂಬಬೇಡಿ. ಯೂರಿಯಾದಿಂದ ಬರುವ ನೈಟ್ರೇಟ್ ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಆದರೆ ಹಳ್ಳದೊಳಗಿನ ಜೀವಗಳನ್ನು ನೋಡಿದರೆ ಗೊತ್ತಾಗುತ್ತದೆ: ಯಾವ ಹುಳು ಉಳಿದಿದೆ, ಯಾವುದು ಹೋಗಿದೆ, ಪಾಚಿ ಎಷ್ಟು ಉದ್ದ ಬೆಳೆದಿದೆ, ಬಿದ್ದ ಎಲೆ ಎಷ್ಟು ಬೇಗ ಕರಗುತ್ತಿದೆ. ಇಷ್ಟನ್ನು ನೋಡಲು ಲ್ಯಾಬ್ ಬೇಕಿಲ್ಲ. ಒಂದು ಬಿಳಿ ತಟ್ಟೆ, ಒಂದು ಜರಡಿ, ಈರುಳ್ಳಿ ತುಂಬಿ ಬರುವ ಬಲೆ ಚೀಲ, 0.1 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಒಂದು ನೋಟ್‌ಬುಕ್ ಸಾಕು.

ನಾನು ಹೇಳುತ್ತಿರುವುದು ಮಲೆನಾಡು ಮತ್ತು ಕೊಡಗಿನ ಸಣ್ಣ ಹಳ್ಳಗಳ ಬಗ್ಗೆ. ಗದ್ದೆ, ಕಾಫಿ ತೋಟ, ಅಡಿಕೆ ತೋಟದ ಪಕ್ಕದಲ್ಲೇ ಹರಿದು ಕೊನೆಗೆ ಕಾವೇರಿಗೋ ಹೇಮಾವತಿಗೋ ತುಂಗೆಗೋ ಭದ್ರೆಗೋ ಸೇರುವ, ಎಷ್ಟೋ ಕಡೆ ಹೆಸರೂ ಇಲ್ಲದ ಹಳ್ಳಗಳು. ದೊಡ್ಡ ನದಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಇವುಗಳ ಬಗ್ಗೆ ಯಾರೂ ಕೇಳುವುದಿಲ್ಲ ಅನ್ನುವುದೇ ನನಗೆ ನೋವಿನ ವಿಷಯ.

ಯಾವಾಗ ಹೋಗಬೇಕು, ಎಲ್ಲಿ ನಿಲ್ಲಬೇಕು

ಮಳೆಗಾಲದಲ್ಲಿ ಹಳ್ಳಕ್ಕೆ ಇಳಿಯಬೇಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ನೀರು ಇಳಿದಿರುತ್ತದೆ, ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆಯನ್ನು ಪಲ್ಪರ್ ಯಂತ್ರದಲ್ಲಿ ಬಿಡಿಸುವುದು) ನಡೆಯುವುದೂ ಆಗಲೇ. ಕಾಲಲ್ಲಿ ಗಾಯ ಇದ್ದರೆ ಗಮ್‌ಬೂಟ್ ಇಲ್ಲದೆ ಇಳಿಯಬೇಡಿ, ಇಲಿ ಜ್ವರ ಬರುವುದು ಹೀಗೆಯೇ. ಮಂಗನ ಕಾಯಿಲೆ ಇರುವ ಕಡೆ ಕಾಡಿನ ಅಂಚಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಕೇಂದ್ರದವರು ಕೊಡುವ ಎಣ್ಣೆ ಹಚ್ಚಿಕೊಳ್ಳಿ.

ಎರಡು ಜಾಗ ಆರಿಸಿ. ಒಂದು ಗದ್ದೆ, ತೋಟ, ಮನೆಗಳಿಗಿಂತ ಮೇಲೆ. ಇನ್ನೊಂದು ಅವೆಲ್ಲ ದಾಟಿದ ಮೇಲೆ. ಎರಡೂ ಕಡೆ ಕಲ್ಲುಗಳ ಮೇಲೆ ನೀರು ಸದ್ದು ಮಾಡುತ್ತಾ ಓಡುವ ಜಾಗವೇ ಆಗಿರಲಿ, ನೆರಳೂ ಹೆಚ್ಚು ಕಡಿಮೆ ಒಂದೇ ಇರಲಿ. ಮೇಲಿನದು ಕಾಡಿನ ನೆರಳಲ್ಲಿದ್ದು ಕೆಳಗಿನದು ಬಟ್ಟಬಯಲಲ್ಲಿದ್ದರೆ ನೀವು ಗೊಬ್ಬರವನ್ನಲ್ಲ, ಬಿಸಿಲನ್ನು ಅಳೆದ ಹಾಗಾಗುತ್ತದೆ. ಇದೊಂದನ್ನು ಸರಿಯಾಗಿ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಕಲ್ಲು ಎತ್ತುವುದು

ಕೆಳಗಿನ ಜಾಗದಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ಇಲ್ಲದಿದ್ದರೆ ನೀವೇ ಕದಡಿದ ನೀರು ಮುಂದಿನ ಜಾಗಕ್ಕೆ ಬರುತ್ತದೆ. ಅಂಗೈಗಿಂತ ದೊಡ್ಡದಾದ ಕಲ್ಲೊಂದನ್ನು ಎತ್ತಿ. ಎತ್ತುವಾಗ ಅದರ ಕೆಳಗಡೆ, ನೀರು ಹರಿದು ಹೋಗುವ ಕಡೆಗೆ, ಜರಡಿ ಹಿಡಿದಿರಿ. ಕಲ್ಲನ್ನು ತಟ್ಟೆಯ ನೀರಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಒಂದು ನಿಮಿಷ ಸುಮ್ನೆ ಇರಿ, ಹುಳುಗಳು ಓಡಾಡಲು ಶುರು ಮಾಡುತ್ತವೆ. ಎರಡೂ ಜಾಗದಲ್ಲಿ ಅಷ್ಟೇ ಸಂಖ್ಯೆಯ ಕಲ್ಲು ನೋಡಿ, ಆಮೇಲೆ ಪ್ರತಿ ಕಲ್ಲನ್ನೂ ಇದ್ದ ಜಾಗದಲ್ಲೇ ಇಡಿ.

ಮುಖ್ಯವಾಗಿ ಹುಡುಕಬೇಕಾದ್ದು ಮೂರು ಬಗೆಯ ಹಾರುವ ಕೀಟಗಳ ಮರಿಗಳನ್ನು. ಮೇಫ್ಲೈ ಮರಿಗೆ ಸಾಮಾನ್ಯವಾಗಿ ಮೂರು ಬಾಲದ ಎಳೆ ಇರುತ್ತದೆ, ಹೊಟ್ಟೆಯ ಎರಡೂ ಬದಿಯಲ್ಲಿ ಸಣ್ಣ ಎಲೆಯಂಥ ಕಿವಿರುಗಳು ಅಲುಗಾಡುತ್ತಿರುತ್ತವೆ. ಸ್ಟೋನ್‌ಫ್ಲೈ ಮರಿಗೆ ಬಾಲ ಎರಡೇ. ಕ್ಯಾಡಿಸ್ ಹುಳುಗಳಲ್ಲಿ ಎಷ್ಟೋ ಜಾತಿ ಮರಳು, ಕಸ, ಎಲೆಚೂರು ಅಂಟಿಸಿ ತನಗೊಂದು ಕೊಳವೆ ಕಟ್ಟಿಕೊಂಡು ಅದರೊಳಗೆ ಇರುತ್ತವೆ. ಈ ಮೂರಕ್ಕೂ ಆಮ್ಲಜನಕ ಚೆನ್ನಾಗಿರುವ ನೀರು ಬೇಕು, ಅದರಲ್ಲೂ ಸ್ಟೋನ್‌ಫ್ಲೈಗೆ. ನೀರು ಕೆಡಲು ಶುರುವಾದರೆ ಮೊದಲು ಹೋಗುವುದು ಅದೇ. ಮೇಲಿನ ಜಾಗದಲ್ಲಿ ಮೂರೂ ಇದ್ದು ಕೆಳಗೆ ಒಂದೂ ಸಿಗದಿದ್ದರೆ ನಡುವೆ ಏನೋ ಸೇರುತ್ತಿದೆ.

ಅವುಗಳ ಬದಲು ದಾರದಂಥ ಕೆಂಪು ಹುಳುಗಳು ಕೆಸರಲ್ಲಿ ತುಂಬಿದ್ದರೆ ಆಮ್ಲಜನಕ ತೀರಾ ಕಡಿಮೆ ಇದೆ ಅಂತ ಅರ್ಥ. ನಮ್ಮ ರಕ್ತದ ಹಾಗೆ ಅವುಗಳ ಮೈಯಲ್ಲೂ ಹಿಮೋಗ್ಲೋಬಿನ್ ಇರುವುದರಿಂದ ಬೇರೆಯವು ಉಸಿರುಗಟ್ಟುವ ಕಡೆಯೂ ಅವು ಬದುಕುತ್ತವೆ. ನಾಲ್ಕಾರು ಕಂಡರೆ ಹೆದರಬೇಡಿ. ಅವು ಮಾತ್ರವೇ ಉಳಿದಿವೆಯಾ ಅನ್ನುವುದೇ ಪ್ರಶ್ನೆ.

ಪಾಚಿಯ ಬಣ್ಣ

ಆರೋಗ್ಯವಾಗಿರುವ ಹಳ್ಳದ ಕಲ್ಲಿನ ಮೇಲೂ ತೆಳುವಾದ ಕಂದು ಲೋಳೆ ಇರುತ್ತದೆ, ಕಾಲಿಟ್ಟರೆ ಜಾರುತ್ತದೆ. ಅದರ ಬಹುಪಾಲು ಡಯಾಟಮ್, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಮೇಫ್ಲೈ ಮರಿಗಳಿಗೆ, ಗೊದಮೊಟ್ಟೆಗಳಿಗೆ, ಕಲ್ಲಿಗೆ ಅಂಟಿಕೊಂಡು ಬದುಕುವ ಸಣ್ಣ ಮೀನುಗಳಿಗೆ ಅದೇ ಊಟ. ಗೊಬ್ಬರದಿಂದ ಬರುವ ಸಾರಜನಕ (ನೈಟ್ರೇಟ್) ಮತ್ತು ರಂಜಕ (ಫಾಸ್ಫೇಟ್) ಜಾಸ್ತಿಯಾಗಿ, ಬಿಸಿಲೂ ಸಿಕ್ಕರೆ, ಉದ್ದನೆಯ ಹಸಿರು ಎಳೆ ಪಾಚಿ ಬಂದು ಈ ತೆಳು ಪದರವನ್ನು ಮುಚ್ಚಿಬಿಡುತ್ತದೆ. ಹಸಿರು ಕಾಣುತ್ತದೆ, ಆದರೆ ತೆಳು ಪದರವನ್ನು ಕೆರೆದು ತಿನ್ನುವ ಹುಳುಗಳಿಗೆ ಆ ಉದ್ದನೆಯ ಎಳೆ ತಿನ್ನುವುದು ಕಷ್ಟ.

ಹಸಿರಿನ ಬದಲು ಬೂದು ಬಣ್ಣದ, ಹತ್ತಿಯಂಥ ಲೋಳೆ ಕಲ್ಲಿಗೆ, ಬೇರಿಗೆ ನೇತುಬಿದ್ದಿದ್ದರೆ ಅದು ಪಾಚಿಯಲ್ಲ, ಬ್ಯಾಕ್ಟೀರಿಯಾ. ಬರೀ ಗೊಬ್ಬರದಿಂದ ಅದು ಬರುವುದಿಲ್ಲ. ಸಕ್ಕರೆ ಅಂಶ ಇರುವ ಪಲ್ಪರ್ ನೀರು ಅಥವಾ ಶೌಚದ ನೀರು ನೇರವಾಗಿ ಬಿದ್ದಿರುವ ಗುರುತು ಅದು. ಎರಡಕ್ಕೂ ಪರಿಹಾರ ಬೇರೆ ಬೇರೆ, ಹಾಗಾಗಿ ಬಣ್ಣವನ್ನು ಬರೆದಿಡಿ.

ಬೆಳಗಿನ ಜಾವ ಮತ್ತು ಮಧ್ಯಾಹ್ನ

ಅಕ್ವೇರಿಯಂ ಅಂಗಡಿಯಲ್ಲಿ ಕರಗಿದ ಆಮ್ಲಜನಕ ಅಳೆಯುವ ಕಿಟ್ ಸಿಗುತ್ತದೆ. ಮಧ್ಯಾಹ್ನ ಅಳೆದು ಖುಷಿಪಡಬೇಡಿ. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಎಳೆದುಕೊಳ್ಳುತ್ತದೆ, ಸೂರ್ಯ ಹುಟ್ಟುವ ಮೊದಲು ನೀರು ಅತಿ ಕೆಟ್ಟ ಸ್ಥಿತಿಯಲ್ಲಿರುತ್ತದೆ. ನೀರಿನ ಉಷ್ಣತೆ 25 ಡಿಗ್ರಿ ಇದ್ದಾಗ ಲೀಟರಿಗೆ 8 ಮಿಲಿಗ್ರಾಂ ಆಸುಪಾಸು ಆಮ್ಲಜನಕ ಹಿಡಿಯುತ್ತದೆ. ಬೆಳಗಿನ ಜಾವ 5ಕ್ಕಿಂತ ಕೆಳಗಿಳಿದರೆ ಬಹಳ ಮೀನುಗಳಿಗೆ ಕಷ್ಟ, 2ಕ್ಕೆ ಬಂದರೆ ಸಾವು. ಮಧ್ಯಾಹ್ನ ಮತ್ತು ಬೆಳಗಿನ ಜಾವದ ನಡುವೆ ಅಂತರ ತುಂಬಾ ದೊಡ್ಡದಿದ್ದರೆ ಪಾಚಿ ಮಿತಿಮೀರಿದೆ.

ಇನ್ನೊಂದು ಅಪಾಯ ಹಗಲಲ್ಲೇ ಇದೆ. ಬಿಸಿಲಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಾಗ ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ, ಏರುತ್ತದೆ, ಪಿಎಚ್ ಏರಿದಾಗ ಕೊಟ್ಟಿಗೆಯಿಂದಲೋ ಯೂರಿಯಾದಿಂದಲೋ ಬಂದ ಅಮೋನಿಯಾ ಮೀನಿಗೆ ಇನ್ನಷ್ಟು ವಿಷವಾಗುತ್ತದೆ.

ನೈಟ್ರೇಟ್, ಫಾಸ್ಫೇಟ್ ಸ್ಟ್ರಿಪ್‌ಗಳನ್ನೂ (ನೀರಿಗೆ ಅದ್ದಿದರೆ ಬಣ್ಣ ಬದಲಾಗುವ ಪಟ್ಟಿ) ಬಳಸಬಹುದು, ಆದರೆ ಸ್ಟ್ರಿಪ್ ಸೊನ್ನೆ ತೋರಿಸಿತು ಅಂತ ಬಿಟ್ಟುಬಿಡಬೇಡಿ. ಕುಡಿಯುವ ನೀರಿಗೆ ನಮ್ಮಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಮನುಷ್ಯರಿಗೆ ಹಾಕಿದ ಮಿತಿ. ಹಳ್ಳದ ಜೀವಗಳು ಅದಕ್ಕಿಂತ ಎಷ್ಟೋ ಕಡಿಮೆಯಲ್ಲೇ ಏರುಪೇರಾಗುತ್ತವೆ. ರಂಜಕವಂತೂ ಲೀಟರಿಗೆ 0.1 ಮಿಲಿಗ್ರಾಂ ಕೂಡ ಹಳ್ಳಕ್ಕೆ ಜಾಸ್ತಿಯೇ, ಅಷ್ಟು ಸಣ್ಣ ಅಳತೆ ಎಷ್ಟೋ ಸ್ಟ್ರಿಪ್‌ಗಳಿಗೆ ಗೊತ್ತಾಗುವುದಿಲ್ಲ.

ನೆರಳಿನ ಹಳ್ಳಕ್ಕೆ ಎಲೆ ಚೀಲ

ಮರಗಳ ದಟ್ಟ ನೆರಳಲ್ಲಿ ಪಾಚಿ ಬೆಳೆಯುವುದಿಲ್ಲ, ಆದ್ದರಿಂದ ಅಲ್ಲಿ ಗೊಬ್ಬರದ ಪರಿಣಾಮವೇ ಇಲ್ಲ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಇಂಥ ಹಳ್ಳದ ಊಟ ಮೇಲಿಂದ ಬೀಳುವ ಎಲೆ. ಅದನ್ನು ಮೊದಲು ಶಿಲೀಂಧ್ರ ಹಿಡಿದು ಮೆತ್ತಗೆ ಮಾಡುತ್ತದೆ, ಆಮೇಲೆ ಹುಳು, ಸೀಗಡಿ, ಏಡಿ ಹರಿದು ತಿನ್ನುತ್ತವೆ. ಅಮೆರಿಕದ ಉತ್ತರ ಕೆರೊಲಿನಾದ ಕೊವೀಟಾ ಕಾಡಿನ ಸಣ್ಣ ತೊರೆಗಳಿಗೆ ವಿಜ್ಞಾನಿಗಳು ವರ್ಷಗಟ್ಟಲೆ ಸಾರಜನಕ, ರಂಜಕ ಬೆರೆಸಿ ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎಲೆ, ಕಡ್ಡಿಗಳಿಂದ ಬಂದ ಇಂಗಾಲ ತೊರೆಯಲ್ಲಿ ಉಳಿಯುವ ಕಾಲ ಸುಮಾರು ಅರ್ಧಕ್ಕೆ ಇಳಿದಿತ್ತು. ಅಂದರೆ ವರ್ಷವಿಡೀ ಬರಬೇಕಾದ ಊಟ ಬೇಗ ಖಾಲಿ.

ಮಾಡುವ ವಿಧಾನ ಇಷ್ಟೇ. ಒಂದೇ ಜಾತಿಯ ಮರದ, ಆಗತಾನೇ ಉದುರಿದ ಎಲೆ ಆರಿಸಿ. ಹೊಂಗೆ, ಅತ್ತಿ ಆಗುತ್ತದೆ. ಸಿಲ್ವರ್ ಓಕ್ ಬೇಡ, ತುಂಬಾ ಗಡಸು. ನೆರಳಲ್ಲಿ ಪೂರ್ತಿ ಒಣಗಿಸಿ, ಚೀಲಕ್ಕೆ 5 ಗ್ರಾಂ ತೂಗಿ ಹಾಕಿ, ಪ್ರತಿ ಜಾಗಕ್ಕೂ ಐದಾರು ಚೀಲ ಮಾಡಿ, ಯಾಕೆಂದರೆ ಒಂದೆರಡು ಕೊಚ್ಚಿಹೋಗುತ್ತವೆ. ಬೇರಿಗೋ ಕಲ್ಲಿಗೋ ಗಟ್ಟಿಯಾಗಿ ಕಟ್ಟಿ ಮುಳುಗಿಸಿ. ಮೂರು ನಾಲ್ಕು ವಾರ ಬಿಟ್ಟು ಎಲ್ಲವನ್ನೂ ಒಂದೇ ದಿನ ತೆಗೆದು, ಕೆಸರು ತೊಳೆದು, ಮತ್ತೆ ಒಣಗಿಸಿ ತೂಗಿ.

ಫಲಿತಾಂಶ ಓದುವಾಗ ಹುಷಾರಾಗಿರಿ. ಕೆಳಗಿನ ಜಾಗದಲ್ಲಿ ಎಲೆ ಬೇಗ ಕರಗಿದರೆ ಗೊಬ್ಬರ ಸೇರುತ್ತಿರಬಹುದು. ಆದರೆ ನಿಧಾನವಾಗಿ ಕರಗಿದರೆ ಖುಷಿಪಡುವ ಹಾಗಿಲ್ಲ. ಯುರೋಪಿನ 100 ತೊರೆಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪೋಷಕಾಂಶ ತೀರಾ ಕಡಿಮೆ ಇರುವ ಕಡೆಯೂ ಎಲೆ ನಿಧಾನವಾಗಿಯೇ ಕೊಳೆತಿತ್ತು, ತೀರಾ ಜಾಸ್ತಿ ಇರುವ ಕಡೆಯೂ ಹಾಗೆಯೇ. ಹಾಗಾಗಿ ಎಲೆಯ ತೂಕವನ್ನು ಕಲ್ಲಿನಡಿ ಕಂಡ ಹುಳುಗಳ ಜೊತೆ ಇಟ್ಟೇ ನೋಡಬೇಕು.

ಎಲ್ಲಿಂದ ಬರುತ್ತಿದೆ

ರಂಜಕ ಮಣ್ಣಿಗೆ ಅಂಟಿಕೊಂಡು ಕೆಂಪು ನೀರಿನ ಜೊತೆ ಬರುತ್ತದೆ. ಮೊದಲ ಜೋರು ಮಳೆಯಲ್ಲಿ ಎಲ್ಲಿಂದ ಮಣ್ಣು ಕೊಚ್ಚಿ ಬರುತ್ತಿದೆ ಅಂತ ದಡದಲ್ಲಿ ನಿಂತೇ ನೋಡಿ. ನೈಟ್ರೇಟ್ ನೆಲದೊಳಗೆ ಇಳಿದು ಒರತೆಯಲ್ಲಿ ಹೊರಬರುತ್ತದೆ, ಬೇಸಿಗೆಯಲ್ಲೂ ಬರುತ್ತಿರುತ್ತದೆ. ಮೊದಲನೆಯದಕ್ಕೆ ದಡದಲ್ಲಿ ಹುಲ್ಲು, ಪೊದೆ, ಮರದ ಪಟ್ಟಿ ಬಿಡುವುದು ದೊಡ್ಡ ಸಹಾಯ. ಎರಡನೆಯದಕ್ಕೆ ಗೊಬ್ಬರವನ್ನೇ ಕಡಿಮೆ ಮಾಡಬೇಕು: ಮಣ್ಣು ಪರೀಕ್ಷೆ ಮಾಡಿಸಿ, ಕಂತುಕಂತಾಗಿ ಹಾಕಿ, ಜೋರು ಮಳೆ ಬರುವ ಮುಂಚೆ ಹಾಕಲೇಬೇಡಿ. ಕೊಟ್ಟಿಗೆ ಗುಂಡಿ, ಕಾಫಿ ಸಿಪ್ಪೆ ರಾಶಿ ಹಳ್ಳದಿಂದ ದೂರ ಇರಲಿ.

ಪಲ್ಪರ್ ನೀರು ನೇರ ಬಿಡುತ್ತಿರುವುದು ಕಂಡರೆ ತಾರೀಖು ಕಾಣುವಂತೆ ಫೋಟೋ ತೆಗೆದು ಮೊದಲು ತೋಟದವರ ಜೊತೆ ಮಾತಾಡಿ. ಆಗದಿದ್ದರೆ ಪಂಚಾಯಿತಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದುಕೊಡಿ.

ಮೇಫ್ಲೈ, ಕ್ಯಾಡಿಸ್ ದೊಡ್ಡವಾದ ಮೇಲೆ ಹಾರುತ್ತವೆ. ಮೇಲಿನ ಒಂದು ಕವಲಾದರೂ ಚೆನ್ನಾಗಿದ್ದರೆ ಅಲ್ಲಿಂದ ಬಂದು ಕೆಳಗೆ ಮತ್ತೆ ಮೊಟ್ಟೆ ಇಡುತ್ತವೆ. ಅದಕ್ಕೇ ಆ ಕವಲಿನ ದಡದ ಜಮೀನು ಯಾರದು ಅಂತ ಕೇಳಿ ತಿಳಿದುಕೊಳ್ಳಿ, ಅಲ್ಲಿನ ಮರ ಕಡಿಯುವ ಮಾತು ಬರುವ ಮೊದಲೇ ಅವರನ್ನು ಕರೆದುಕೊಂಡು ಹೋಗಿ ಒಂದು ಕಲ್ಲು ಎತ್ತಿ ತೋರಿಸಿ.