ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟು ನಾನು ಕಲಿತದ್ದು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹದಿನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದವನು ನಾನು. ಧಾರವಾಡದ ಸಪ್ತಾಪುರದಲ್ಲಿ ಸ್ವಂತ ಮನೆ ಕಟ್ಟಿಸಿ ಮೇಲಿನ ಅಂತಸ್ತನ್ನು ಬಾಡಿಗೆಗೆ ಕೊಟ್ಟಾಗ, ಬಾಡಿಗೆದಾರರ ಕಷ್ಟವೆಲ್ಲ ನನಗೆ ಗೊತ್ತು ಎಂಬ ಜಂಬವಿತ್ತು. ಮೊದಲ ಕುಟುಂಬ ಮನೆ ಖಾಲಿ ಮಾಡಿದ ದಿನ ಅದು ಇಳಿಯಿತು.

ಅವರಿಗೆ ಮನೆ ಕೊಟ್ಟದ್ದು ಬಾಯಿಮಾತಿನ ಮೇಲೆ: ತಿಂಗಳಿಗೆ 9,000 ರೂಪಾಯಿ ಬಾಡಿಗೆ, 30,000 ರೂಪಾಯಿ ಡಿಪಾಜಿಟ್. ಮೂರು ವರ್ಷ ಇದ್ದು ಹೊರಟಾಗ ಗೋಡೆಯ ಬಣ್ಣ ಮಾಸಿತ್ತು, ಅಡುಗೆಮನೆಯ ಕಟ್ಟೆಯ ಕಲ್ಲಿನಲ್ಲಿ ಗೇಣುದ್ದದ ಸೀಳು ಕಾಣುತ್ತಿತ್ತು. ಎರಡಕ್ಕೂ ಸೇರಿಸಿ 11,000 ರೂಪಾಯಿ ಹಿಡಿದುಕೊಂಡು ಉಳಿದ ಹಣವನ್ನು ಅವರ ಕೈಗಿಟ್ಟೆ. ‘ಸರ, ಆ ಸೀಳು ನಾವು ಬರೂಕಿಂತ ಮೊದಲ ಇತ್ತರೀ’ ಎಂದರು ಅವರು. ಇತ್ತೋ ಇಲ್ಲವೋ, ನನಗೆ ಇಂದಿಗೂ ನೆನಪಿಲ್ಲ.

ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಮಾಡುವ ನನ್ನ ಸೋದರಳಿಯನ ಮುಂದೆ ಈ ಸಂಗತಿ ಹೇಳಿ, ನನ್ನದೇ ಸರಿ ಎಂದು ಅವನು ಹೇಳುವುದನ್ನು ಕಾಯುತ್ತ ಕುಳಿತೆ. ಅವನು ಹಾಗೆ ಹೇಳಲಿಲ್ಲ. 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿರುವ 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ನಮ್ಮಂಥವರ ವ್ಯವಹಾರವನ್ನು ನಡೆಸುವುದು ನಾವೇ ಬರೆದುಕೊಂಡ ಕರಾರು ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ ಎಂದು ವಿವರಿಸಿದ. ಆ ಕಾಯ್ದೆಯ 108ನೆಯ ಕಲಮಿನ ಪ್ರಕಾರ ಬಾಡಿಗೆದಾರನು ಮನೆಯನ್ನು ತಾನು ಪಡೆದಿದ್ದ ಸ್ಥಿತಿಯಲ್ಲಿಯೇ ಮರಳಿಸಬೇಕು. ಆದರೆ ಸಹಜ ಬಳಕೆಯ ಸವಕಳಿ ಅವನ ತಲೆಯ ಮೇಲೆ ಬರುವುದಿಲ್ಲ. ಮೂರು ವರ್ಷಕ್ಕೆ ಮಾಸಿದ ಬಣ್ಣ ಮಾಲಕನದೇ ಖರ್ಚು. ಇನ್ನು ಸೀಳಿನ ವಿಷಯಕ್ಕೆ, ‘ಪಡೆದ ಸ್ಥಿತಿ ಹ್ಯಾಂಗಿತ್ತು ಅಂತ ಎಲ್ಲಿ ಬರ್ದಿಟ್ಟೀರಿ, ಮಾಮಾ?’ ಎಂದು ಕೇಳಿದ. ಎಲ್ಲಿಯೂ ಬರೆದಿರಲಿಲ್ಲ. ಮೂರು ವಾರ ತಡವಾಗಿಯಾದರೂ ಆ 11,000 ರೂಪಾಯಿಯನ್ನು ಅವರ ಖಾತೆಗೆ ಹಾಕಿದೆ.

ಎರಡನೆಯ ಬಾಡಿಗೆದಾರರು ಬಂದ ದಿನ ನೂರು ಪುಟದ ಒಂದು ನೋಟ್‌ಬುಕ್ ಹಿಡಿದುಕೊಂಡು ಅವರೊಡನೆ ಕೋಣೆ ಕೋಣೆ ತಿರುಗಿದೆ. ‘ಅಡುಗೆಮನೆ: ಕಟ್ಟೆಯ ಎಡತುದಿಯಲ್ಲಿ ಗೇಣುದ್ದದ ಸೀಳು, ಹಳೆಯದು. ಬಚ್ಚಲು: ಗೋಡೆಯ ಕಡೆಯ ನಳ ಸೋರುತ್ತದೆ. ಪಡಸಾಲೆ: ಫ್ಯಾನು ಒಂದು, ಟ್ಯೂಬ್‌ಲೈಟು ಎರಡು, ಕಿಟಕಿಯ ಗಾಜುಗಳೆಲ್ಲ ಸರಿಯಿವೆ.’ ಕರೆಂಟಿನ ಮೀಟರಿನ ಅಂಕಿಯನ್ನೂ, ಕೊಟ್ಟ ಕೀಲಿಗಳು ಎಷ್ಟೆಂಬುದನ್ನೂ ಬರೆದು, ಪ್ರತಿ ಪುಟದ ಕೆಳಗೆ ಇಬ್ಬರೂ ಸಹಿ ಮಾಡಿದೆವು. ಮೊಬೈಲಿನಲ್ಲಿ ಫೋಟೋ ತೆಗೆದು ಅವರಿಗೂ ಕಳಿಸಿದೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ.

ಕರಾರು ಪತ್ರವನ್ನು ಹನ್ನೊಂದು ತಿಂಗಳಿಗೆ ಮಾಡಿಸಿದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕಾಗುವುದರಿಂದಲೇ ಈ ಹನ್ನೊಂದರ ರೂಢಿ ಬೆಳೆದಿದೆ. ಹನ್ನೆರಡನೆಯ ತಿಂಗಳು ಸಾಮಾನು ಹೊರಗಿಡುವ ಅಧಿಕಾರವನ್ನು ಅದು ಮಾಲಕನಿಗೆ ಕೊಡುವುದಿಲ್ಲ. ಬಾಡಿಗೆ 10,000, ಡಿಪಾಜಿಟ್ ಮೂರು ತಿಂಗಳದ್ದು. ಕೇಂದ್ರ ಸರಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿಯಿದೆಯಾದರೂ ಅದು ಹೆಸರಿಗೆ ತಕ್ಕಂತೆ ಮಾದರಿ ಮಾತ್ರ. ವರ್ಷದ ಬಾಡಿಗೆ ಒಂದು ಲಕ್ಷ ಮೀರುವುದರಿಂದ, ಮನೆಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗಾಗಿ ಅವರು ನನ್ನ ಪ್ಯಾನ್ ಸಂಖ್ಯೆ ಕೇಳಿದರು, ಕೊಟ್ಟೆ. ಅದನ್ನು ಮುಚ್ಚಿಡುವ ಮಾಲಕರು ಏನನ್ನು ಮುಚ್ಚಿಡುತ್ತಾರೆ ಎಂಬುದು ಆದಾಯ ತೆರಿಗೆ ಇಲಾಖೆಗೂ ಗೊತ್ತು.

ಕರಾರಿನಲ್ಲಿ ಹೆಚ್ಚು ಸಾಲುಗಳನ್ನು ತಿಂದದ್ದು ನೀರು. ನಮ್ಮ ಓಣಿಗೆ ಮಲಪ್ರಭೆಯ ನೀರು ಬರುವುದು ದಿನಗಟ್ಟಲೆ ಬಿಟ್ಟು. ನಳ ಬಂದಾಗ ಸಂಪು ತುಂಬಿಸಿಕೊಳ್ಳದಿದ್ದರೆ ಟ್ಯಾಂಕರೇ ಗತಿ. ಸಂಪು ಒಂದೇ, ಮೋಟಾರು ನನ್ನ ಮೀಟರಿನ ಮೇಲೆ. ಆದ್ದರಿಂದ ಮೋಟಾರಿನ ಕರೆಂಟು ನನ್ನದು, ಟ್ಯಾಂಕರ್ ತರಿಸಿದರೆ ಅರ್ಧರ್ಧ, ಸಂಪು ತೊಳೆಸುವ ಖರ್ಚು ನನ್ನದು ಎಂದು ಬರೆದುಕೊಂಡೆವು. ಪಾಲಿಕೆಯ ಆಸ್ತಿ ತೆರಿಗೆ ಮತ್ತು ಮಾಳಿಗೆಯ ಸೋರಿಕೆ ನನ್ನ ಪಾಲಿಗೆ, ಬಲ್ಬು ಮತ್ತು ನಳದ ವಾಷರಿನಂಥವು ಅವರ ಪಾಲಿಗೆ ಬಂದವು. ಮಾಲಕನು ಮಾಡಿಸಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂಬುದೂ ಅದೇ 108ನೆಯ ಕಲಮಿನಲ್ಲಿದೆ. ಬಚ್ಚಲಿನ ಆ ಹಳೆಯ ಸೋರಿಕೆಯನ್ನು ನಾನು ಎರಡು ತಿಂಗಳು ಮರೆತಾಗ ಅವರು ಹಾಗೆಯೇ ಮಾಡಿ, 350 ರೂಪಾಯಿಯ ರಸೀದಿ ತಂದು ತೋರಿಸಿದರು.

ಗೃಹಜ್ಯೋತಿಯ ವಿಷಯದಲ್ಲಿ ಪೇಚಿಗೆ ಸಿಕ್ಕಿದೆ. ಮೇಲಿನ ಮನೆಯ ಮೀಟರಿಗೆ ಹಳೆಯ ಬಾಡಿಗೆದಾರರ ಆಧಾರ್ ಜೋಡಣೆಯಾಗಿಯೇ ಉಳಿದಿತ್ತು. ಅದನ್ನು ಬಿಡಿಸದೆ ಹೊಸಬರು ಅರ್ಜಿ ಹಾಕುವಂತಿರಲಿಲ್ಲ. ಯಾರೊಡನೆ ಜಗಳ ಮಾಡಿದ್ದೆನೋ ಅವರಿಗೇ ಫೋನು ಮಾಡಬೇಕಾಯಿತು. ಅಂದು ಸಂಜೆಯೇ ಅವರು ಸೇವಾ ಸಿಂಧುವಿನಲ್ಲಿ ಬಿಡಿಸಿಕೊಟ್ಟರು. ಹಣ ಮರಳಿಸಿರದಿದ್ದರೆ ಯಾವ ಬಾಯಿಂದ ಕೇಳುತ್ತಿದ್ದೆ?

ನಡುವೆ ಒಮ್ಮೆ ಹೊಸಬರ ಬಾಡಿಗೆ ಎರಡು ತಿಂಗಳು ನಿಂತಿತು. ‘ನೀರು ಬಂದ್ ಮಾಡ್ರೀ, ತಾವ ಹೊಂಟ ಹೋಗ್ತಾರ’ ಎಂದು ನೆರೆಮನೆಯವರು ಸಲಹೆ ಕೊಟ್ಟರು. ನೀರು ತಡೆಯುವುದೂ ಬೀಗ ಜಡಿಯುವುದೂ ಕಾನೂನಿನ ದಾರಿಯಲ್ಲ. ಹಾಗೆ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆ ಬಿಡಿಸಲು ಹದಿನೈದು ದಿನದ ನೋಟಿಸು ಬೇಕು; ನಮ್ಮ ಕರಾರಿನಲ್ಲಿ ಇಬ್ಬರಿಗೂ ಒಂದು ತಿಂಗಳೆಂದಿತ್ತು. ನೋಟಿಸು ಕೊಡುವ ಮುನ್ನ ಮೆಟ್ಟಿಲು ಹತ್ತಿ ಹೋಗಿ ಕೇಳಿದೆ. ಸಂಬಳ ತಡವಾಗಿತ್ತು. ಮೂರು ಕಂತಿನಲ್ಲಿ ತೀರಿಸುವುದಾಗಿ ನೋಟ್‌ಬುಕ್ಕಿನಲ್ಲಿಯೇ ಬರೆದುಕೊಟ್ಟು, ಹಾಗೆಯೇ ತೀರಿಸಿದರು.

ಹದಿನೆಂಟು ತಿಂಗಳ ನಂತರ ಅವರಿಗೆ ಗದಗಿಗೆ ವರ್ಗವಾಯಿತು. ಅದೇ ನೋಟ್‌ಬುಕ್ ಹಿಡಿದು ಮತ್ತೆ ಕೋಣೆ ಕೋಣೆ ತಿರುಗಿದೆವು. ಪಡಸಾಲೆಯ ಒಂದು ಗಾಜು ಮಗನ ಚೆಂಡಿಗೆ ಒಡೆದಿದೆ ಎಂದು ಅವರೇ ತೋರಿಸಿದರು. ಅದರ 600 ರೂಪಾಯಿ ಮುರಿದುಕೊಂಡು 29,400 ರೂಪಾಯಿಯನ್ನು ಅಲ್ಲಿಯೇ ನಿಂತು ಅವರ ಖಾತೆಗೆ ಕಳಿಸಿದೆ. ಕೀಲಿ ಕೊಡುವ ಮೊದಲು, ಈ ಸಲ ಮರೆಯದೆ, ಗೃಹಜ್ಯೋತಿಯ ಆಧಾರ್ ಜೋಡಣೆಯನ್ನೂ ಬಿಡಿಸಿಸಿಕೊಂಡೆ.