ಮಲಗಿ ಎದ್ದ ಮಂಡಿಗೆ ಭಾರ ಹಾಕಿದ್ದು: ಎರಡು ತೂಕದ ಮಷೀನಿನ ವಿಧಾನ

ಆರೆಂಟು ವಾರ ಪ್ಲಾಸ್ಟರ್‌ನಲ್ಲೋ ಮಂಚದ ಮೇಲೋ ಇದ್ದು ಬಂದ ಮಂಡಿ ಕಂಡರೆ ನಾವು ಫಿಸಿಯೋಥೆರಪಿಯವರೆಲ್ಲ ಮೊದಲು ಕೈಗೆತ್ತಿಕೊಳ್ಳುವುದು ಕೀಲಿನ ಕೋನ ಅಳೆಯುವ ಗೋನಿಯೋಮೀಟರ್. ಎಷ್ಟು ಡಿಗ್ರಿ ಮಡಚುತ್ತದೆ, ಲ್ಯಾಗ್, ಅಂದರೆ ತಾನಾಗಿ ನೆಟ್ಟಗೆ ಚಾಚಲು ಉಳಿದ ಕೊರತೆ, ಎಷ್ಟಿದೆ, ಇಷ್ಟೇ ಲೆಕ್ಕ. ಹಾಗೆ 110 ಡಿಗ್ರಿ ಬಂತೆಂದು ಕಳಿಸಿಕೊಟ್ಟ ಎಷ್ಟೋ ಮಂಡಿಗಳು ತಿಂಗಳೊಳಗೆ ಊದಿಕೊಂಡು ವಾಪಸ್ ಬಂದವು. ಕೀಲು ಮಡಚಲು ಕಲಿತಿತ್ತು, ಒಳಗೆ ಮೂಳೆಯ ತುದಿಗೆ ಹೊದಿಕೆಯಾಗಿರುವ ಕಾರ್ಟಿಲೇಜ್ ಭಾರ ಹೊರಲು ಕಲಿತಿರಲಿಲ್ಲ. ಅದಕ್ಕೆ ರಕ್ತನಾಳವಿಲ್ಲ, ಒತ್ತಿ ಬಿಟ್ಟಾಗಲೇ ಊಟ. ಹಾಗಾಗಿ ಈಗ ಮೊದಲು ಅಳೆಯುವುದು ಭಾರ.

ಬೇಕಾದದ್ದು ಒಂದೇ ಎತ್ತರದ ಎರಡು ತೂಕದ ಮಷೀನು, ಮುಳ್ಳು ಇರುವಂಥವು. ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನಿಲ್ಲಿಸುವುದು. ಒಂದಕ್ಕೆ ಸುಮಾರು 900 ರೂಪಾಯಿ. ಮೊದಲು ಡಿಜಿಟಲ್ ತಂದು ಎರಡೂವರೆ ಸಾವಿರ ಕಳೆದೆ. ಅದು ಒಂದು ಅಂಕಿಗೆ ಬಂದು ನಿಂತುಬಿಡುತ್ತದೆ, ಕಾಲು ನಡುಗಿದ್ದು ತೋರಿಸುವುದಿಲ್ಲ. ಮುಳ್ಳು ಹಾಗಲ್ಲ, ತೊಡೆಯ ಮುಂದಿನ ಸ್ನಾಯು ಕ್ವಾಡ್ಸ್ ಸೋತ ಕ್ಷಣವೇ ಹಿಂದೆ ಬೀಳುತ್ತದೆ.

ಮೂಳೆ ಕೂಡಿದೆ, ಭಾರ ಹಾಕಬಹುದು ಎಂದು ಸರ್ಜನ್ ಹೇಳಿದ ಮೇಲೆಯೇ ಶುರು. 60 ಕಿಲೋ ತೂಕದವರಾದರೆ ನೋವಿನ ಕಾಲಿಗೆ ಮೊದಲು 10 ಕಿಲೋ. ಎರಡು ಸೆಕೆಂಡು ಒತ್ತು, ಎರಡು ಸೆಕೆಂಡು ಬಿಡು, ಇಪ್ಪತ್ತು ಸಲ. ದಿನಕ್ಕೆ ಐದಾರು ಬಾರಿ. ಒಂದೇ ಸಲಕ್ಕೆ ಅರ್ಧ ಗಂಟೆ ಮಾಡಿಸಿದರೆ ಇದೇ ಫಲ ಸಿಗಲಿಲ್ಲ. ಮೂರು ದಿನಕ್ಕೊಮ್ಮೆ 5 ಕಿಲೋ ಏರಿಸುವುದು. ಅವಸರಕ್ಕೆ ಬಿದ್ದು ದಿನವೂ 5 ಕಿಲೋ ಏರಿಸಿದಾಗಲೆಲ್ಲ ನಾಲ್ಕನೇ ದಿನದ ಹೊತ್ತಿಗೆ ಮಂಡಿಯಲ್ಲಿ ನೀರು ತುಂಬಿತು.

ಇಲ್ಲಿ ಒಂದು ಮೋಸ ಹಿಡಿಯಬೇಕು. ಎರಡೂ ಮುಳ್ಳಿನ ಅಂಕಿ ಕೂಡಿಸಿ. 60 ಬರದೆ 52 ಬಂದರೆ ಉಳಿದ 8 ಕಿಲೋ ಕೈಯಲ್ಲಿದೆ, ಪಕ್ಕದ ಕಟ್ಟೆಯ ಮೇಲೆ ಕೈ ಊರಿದ್ದಾರೆ ಎಂದರ್ಥ. ಲೆಕ್ಕ ಸರಿಯಿದ್ದೂ ಸೊಂಟ ಒಂದು ಕಡೆ ವಾಲಿದ್ದರೆ ಆ ಸುತ್ತು ಲೆಕ್ಕಕ್ಕಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಮಂಡಿಚಿಪ್ಪಿನ ನಡುವೆ ಟೇಪು ಹಿಡಿದು ಸುತ್ತಳತೆ ಬರೆಸಿ. 1 ಸೆಂಟಿಮೀಟರ್ ಹೆಚ್ಚಿದ್ದರೆ ಹಿಂದಿನ ತೂಕಕ್ಕೆ ಇಳಿದು ಎರಡು ದಿನ ಅಲ್ಲೇ ಇರಬೇಕು. ಮಾಡುವಾಗ ಹತ್ತಕ್ಕೆ ನಾಲ್ಕೈದು ನೋವು ಬಂದರೂ ಮಾರನೇ ಬೆಳಿಗ್ಗೆಗೆ ಇಳಿದಿದ್ದರೆ ಮುಂದುವರಿಸುತ್ತೇನೆ. ಭಾರ ಹಾಕುವ ಮುನ್ನ ಚಿಪ್ಪನ್ನು ಜರುಗಿಸುವ ಒಂದು ಕ್ರಮವಿದೆ, ಅರ್ಧ ಗೆಲುವು ಅದರದ್ದೇ. ಅದನ್ನು ಕೈಹಿಡಿದು ತೋರಿಸಬೇಕು, ಇಲ್ಲಿ ಬರೆಯುವುದಿಲ್ಲ.

ಕಾಲನ್ನು ತಾನೇ ಮಡಚಿ ಚಾಚಿಸುವ ಸಿಪಿಎಂ ಮಷೀನಿಗೆ ಸೆಕೆಂಡ್ ಹ್ಯಾಂಡಲ್ಲೇ ನಲವತ್ತು ಸಾವಿರ ಸುರಿದದ್ದು ಈಗಲೂ ಹೊಟ್ಟೆ ಉರಿಸುತ್ತದೆ. ಟೊರಾಂಟೊದಲ್ಲಿ ಮೂಳೆ ಸರ್ಜನ್ ರಾಬರ್ಟ್ ಸಾಲ್ಟರ್ ಇದೇ ವಿಧಾನದ ಬಗ್ಗೆ ಮೊಲಗಳ ಮೇಲೆ ಮಾಡಿದ ಕೆಲಸ ದೊಡ್ಡದೇ. ಆದರೆ ಭಾರ ಹೊರಬಲ್ಲ ಕಾಲನ್ನು ಮಷೀನಿನ ಮೇಲೆ ಮಲಗಿಸಿ ಆಡಿಸಿದರೆ ಸ್ನಾಯುವಿಗೆ ಕೆಲಸವೇ ಇಲ್ಲ. ಕೂತು ಕಾಲಿಗೆ 2 ಕಿಲೋ ಮರಳಿನ ಚೀಲ ಕಟ್ಟಿ ಎತ್ತಿಸಿದ್ದೂ ಕೆಟ್ಟಿತು, ಚಿಪ್ಪಿನ ಹಿಂದೆ ಕರಕರ ಸದ್ದು ಶುರುವಾಯಿತು.

ನಡೆದರೆ ಇನ್ನೂ ಸವೆಯುತ್ತೆ ಅಂತ ಮನೆಯವರು ಮಾತ್ರ ಅಲ್ಲ, ಡಾಕ್ಟರುಗಳೂ ತಡೆದರು. ಅವರಿಗೆ ಎರಡು ಅಧ್ಯಯನ ತೋರಿಸುತ್ತೇನೆ. ಫಿನ್ಲೆಂಡಿನ ಕುಓಪಿಯೊದಲ್ಲಿ ನಾಯಿಗಳ ಕಾಲನ್ನು 11 ವಾರ ಕಟ್ಟಿಟ್ಟು, ಆಮೇಲೆ 50 ವಾರ ಓಡಾಡಲು ಬಿಟ್ಟರೂ ಕಾರ್ಟಿಲೇಜ್ ಪೂರ್ತಿ ಮೊದಲಿನಂತಾಗಲಿಲ್ಲ. ಮಲಗಿಸಿದ್ದಕ್ಕೆ ತೆರುವ ಬೆಲೆ ಅದು, ನಾನು ಅವಸರ ಬಿಟ್ಟದ್ದೂ ಅದನ್ನು ಓದಿದ ಮೇಲೆಯೇ. ಇನ್ನೊಂದು ಸ್ವೀಡನ್ನಿನ ರೂಸ್ ಮತ್ತು ಡಾಲ್ಬರ್ಗ್ 2005ರಲ್ಲಿ ಪ್ರಕಟಿಸಿದ್ದು. ಮಂಡಿಯೊಳಗಿನ ಮೆತ್ತೆಯಾದ ಮೆನಿಸ್ಕಸ್ ತೆಗೆಸಿಕೊಂಡವರಿಗೆ ವಾರಕ್ಕೆ ಮೂರು ಸಲದಂತೆ ನಾಲ್ಕು ತಿಂಗಳು ವ್ಯಾಯಾಮ ಮಾಡಿಸಿದಾಗ ಎಂಆರ್‌ಐನಲ್ಲಿ ಕಾರ್ಟಿಲೇಜ್‌ನ ಗುಣಮಟ್ಟ ಸುಧಾರಿಸಿದ್ದು ಕಂಡಿತು.

ನಿಂತಲ್ಲೇ ತುಳಿಯುವ ಸೈಕಲ್ಲಿಗೆ ಮಂಡಿ ಸುಮಾರು 105 ಡಿಗ್ರಿ ಮಡಚಬೇಕು. ಅಲ್ಲಿಯವರೆಗೆ ಸೀಟು ಎತ್ತರಿಸಿ, ಪೆಡಲನ್ನು ಹಿಂದೆ ಮುಂದೆ ಅರ್ಧ ಸುತ್ತು ಆಡಿಸಿದರೆ ಸಾಕು. ಸೈಕಲ್ ಹತ್ತಲು ಹೆದರುವ ಅಜ್ಜಿಯಂದಿರಿಗೆ ಮನೆಯ ತೂಗುಯ್ಯಾಲೆಯನ್ನೇ ಪ್ರಯೋಗಿಸಿ ನೋಡಿದೆ. ಎರಡೂ ಪಾದ ಊರಿ, ಮೆಲ್ಲಗೆ ತಳ್ಳಿ ತೂಗಿಕೊಳ್ಳುವುದು, ಹತ್ತು ನಿಮಿಷ. ನಾನಂದುಕೊಂಡದ್ದಕ್ಕಿಂತ ಚೆನ್ನಾಗಿ ಕೂಡಿಬಂತು. ಸರಪಳಿ ಉದ್ದವಾಗಿ ಹಲಗೆ ಕೆಳಗಿದ್ದರೆ ಮಂಡಿ 90 ದಾಟಿ ಮಡಚುತ್ತದೆ, ಚಿಪ್ಪು ನೋಯುತ್ತದೆ. ಎರಡು ಕೊಂಡಿ ಮೇಲೆ ಹಾಕಿಸಿ.

ನೋವಿನ ಕಾಲು 30 ಕಿಲೋ ಹೊತ್ತು ಒಂದು ವಾರ ಮುಳ್ಳು ಅಲ್ಲಾಡದೆ ನಿಂತರೆ 4 ಇಂಚಿನ ಮಣೆ ಹತ್ತಿ ಇಳಿಸಲು ಶುರು. ಹತ್ತುವುದು ಬೇಗ ಬರುತ್ತದೆ. ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ಎದುರಿಗೆ ಕೂತು ನೋಡಬೇಕು, ವಾಲಿದರೆ ಮಣೆ ತೆಗೆದು ಎರಡು ಇಂಚಿನ ಹಲಗೆ ಇಡಿ.